5000 ರೂಪಾಯಿ ಒಳಗೆ ಕಿವಿ ಮುಚ್ಚುವ ವೈರ್‌ಲೆಸ್ ಹೆಡ್‌ಫೋನ್: ರೈಲಿಗೂ ತಾಳಮದ್ದಳೆಗೂ ಯಾವುದು ಆಗುತ್ತದೆ?

ಬದಿಯಡ್ಕ ಪ್ಯಾಸೆಂಜರ್
ಎಲ್ಲರಿಗೂ ನಮಸ್ಕಾರ. ಕಿವಿ ಪೂರ್ತಿ ಮುಚ್ಚುವಂಥ ವೈರ್‌ಲೆಸ್ ಹೆಡ್‌ಫೋನ್ ಒಂದು ತಗೊಳ್ಳಬೇಕು. ಬಜೆಟ್ 3000ದಿಂದ 5000. ತೀರಾ ಒಳ್ಳೆಯದು ಸಿಕ್ಕಿದರೆ ಇನ್ನೊಂದು ಸಾವಿರ ಹೇಗಾದರೂ ಸೇರಿಸಬಹುದು, ಅದಕ್ಕಿಂತ ಮೇಲೆ ಬೇಡ.

ಬೆಳಿಗ್ಗೆ ಕಾಸರಗೋಡಿನಿಂದ ಮಂಗಳೂರಿಗೆ ರೈಲು, ಸಂಜೆ ವಾಪಸ್. ರೈಲಿನಲ್ಲಿ ಕೇಳುವುದು ಹೆಚ್ಚಾಗಿ ತಾಳಮದ್ದಳೆ, ಯಕ್ಷಗಾನದ ಹಳೆ ರೆಕಾರ್ಡಿಂಗ್, ಮಧ್ಯೆ ಮಧ್ಯೆ ಸಿನಿಮಾ ಹಾಡು. ಆಫೀಸಿನಲ್ಲಿ ಆನ್‌ಲೈನ್ ಮೀಟಿಂಗ್ ಇರುತ್ತದೆ. ಕನ್ನಡಕ ಹಾಕುತ್ತೇನೆ. ಇಯರ್‌ಬಡ್ ನನ್ನ ಕಿವಿಯಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಅದನ್ನು ಹೇಳಬೇಡಿ ದಯವಿಟ್ಟು.

ರಿವ್ಯೂ ನೋಡಿದರೆ ಎಲ್ಲರೂ ಬಾಸ್, ಬಾಸ್ (ಕೆಳಗಿನ ಡಬ್ ಡಬ್ ಶಬ್ದ) ಅಂತಲೇ ಕುಣಿಯುತ್ತಾರೆ. ಭಾಗವತರ ಪದ್ಯ ಕೇಳುವವನಿಗೆ ಯಾವುದು ಆಗುತ್ತದೆ ಅಂತ ಒಬ್ಬರೂ ಹೇಳುವುದಿಲ್ಲ. ಎಎನ್‌ಸಿ, ಅಂದರೆ ಹೊರಗಿನ ಗದ್ದಲ ತಗ್ಗಿಸುವ ವ್ಯವಸ್ಥೆ, ಬೇಕಾ? ಬ್ಲೂಟೂತ್‌ನಲ್ಲಿ ಹಾಡು ಚೆನ್ನಾಗಿ ಕಳಿಸಲಿಕ್ಕೆ ಎಲ್‌ಡಿಎಸಿ ಅಂತ ಒಂದು ಉಂಟಂತೆ, ಅದಕ್ಕೆ ದುಡ್ಡು ಹಾಕಬೇಕಾ? ಬಳಸಿದವರು ಹೇಳಿ.

ಉಪ್ಪಳ ಎಕ್ಸ್‌ಪ್ರೆಸ್
ನೆಕ್‌ಬ್ಯಾಂಡ್ ತಗೊಳ್ಳಿ ಮಾರಾಯ್ರೆ. ಸಾವಿರ ರೂಪಾಯಿಯಲ್ಲಿ ಮುಗಿಯಿತು.

ಬದಿಯಡ್ಕ ಪ್ಯಾಸೆಂಜರ್
ನೆಕ್‌ಬ್ಯಾಂಡಿನ ತುದಿಯಲ್ಲಿರುವುದೂ ಕಿವಿಯೊಳಗೆ ತುರುಕುವುದೇ ಅಲ್ವಾ ಅಣ್ಣ?

ಸೀತಾಂಗೋಳಿ ಸೌಂಡ್ಸ್
ಮೊದಲು ಒಂದು ವಿಷಯ ಸರಿ ಮಾಡಿಕೊಳ್ಳಿ. ಅಂಗಡಿಯಲ್ಲಿ "ಹೆಡ್‌ಫೋನ್" ಅಂತ ತೋರಿಸುವುದರಲ್ಲಿ ಎರಡು ಜಾತಿ. ಕಿವಿಯ ಮೇಲೆ ಕೂರುವುದು ಒಂದು, ಕಿವಿಯನ್ನು ಒಳಗೆ ಹಾಕಿಕೊಂಡು ಸುತ್ತಲೂ ಕೂರುವುದು ಇನ್ನೊಂದು. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಜನ ಆನ್‌ಲೈನಿನಲ್ಲಿ ತರಿಸಿ ಆಮೇಲೆ ಕಿವಿ ನೋವು ಅಂತ ಬರುತ್ತಾರೆ. ಬೋಟ್ ರಾಕರ್ಸ್ 450, ಜೆಬಿಎಲ್ ಟ್ಯೂನ್ 510ಬಿಟಿ, ಸೋನಿ ಡಬ್ಲ್ಯುಎಚ್-ಸಿಎಚ್520, ಈ ಮೂರೂ ಕಿವಿಯ ಮೇಲೆ ಕೂರುವ ಜಾತಿ. ಕೆಟ್ಟವು ಅಂತಲ್ಲ. ಸಿಎಚ್520 ಹಗುರ, ಬ್ಯಾಟರಿ 50 ಗಂಟೆ ಅಂತ ಕಂಪನಿಯೇ ಹೇಳುತ್ತದೆ, ಮಾತು ಚೆನ್ನಾಗಿ ಕೇಳುತ್ತದೆ. ಆದರೆ ನೀವು ಕೇಳಿದ್ದು ಅದಲ್ಲ. ಕನ್ನಡಕದ ಕಡ್ಡಿಯ ಮೇಲೆ ಅದು ಒತ್ತಿ ಕೂತರೆ ಮಂಜೇಶ್ವರ ದಾಟುವಾಗಲೇ ತೆಗೆದು ಬ್ಯಾಗಿಗೆ ಹಾಕುತ್ತೀರಿ.

ನಿಮ್ಮ ಬಜೆಟಿನಲ್ಲಿ ಕಿವಿ ಮುಚ್ಚುವ ಜಾತಿಯಲ್ಲಿ ನೋಡಬಹುದಾದ್ದು: ಸೌಂಡ್‌ಕೋರ್ ಕ್ಯೂ20ಐ, ಆಫರ್ ಇದ್ದಾಗ ಜೆಬಿಎಲ್ ಟ್ಯೂನ್ 770ಎನ್‌ಸಿ. ಸೋನಿ ಸಿಎಚ್720ಎನ್ ಬಂದಾಗ 9990 ಇತ್ತು, ಸೇಲಿನಲ್ಲಿ ಇಳಿಯುತ್ತದೆ, ಆದರೂ ನಿಮ್ಮ ಲೆಕ್ಕಕ್ಕೆ ಸ್ವಲ್ಪ ಮೇಲೆ. 192 ಗ್ರಾಂ ಅಷ್ಟೇ ತೂಕ. ಕಿವಿ ಮುಚ್ಚುವ ಜಾತಿಯಲ್ಲಿ ಅಷ್ಟು ಹಗುರದ್ದು ಸಿಗುವುದು ಕಷ್ಟ.

ಚೆಂಡೆಪೆಟ್ಟು
ಕೊನೆಗೂ ಯಕ್ಷಗಾನ ಕೇಳುವವರು ಒಬ್ಬರು ಹೆಡ್‌ಫೋನ್ ಬಗ್ಗೆ ಕೇಳಿದರು! ನಾನು ಹಿಮ್ಮೇಳದಲ್ಲಿ ಆಗಾಗ ಕೂರುವವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಂಗಡಿಗೆ ಹೋದರೆ ಅವರು ಹಾಕುವುದು ಡಬ್ ಡಬ್ ಅನ್ನುವ ಡೆಮೋ ಹಾಡು. "ನಲ್ಲ ಬಾಸ್ ಉಂಡ್ ಸಾರೇ" (ಒಳ್ಳೆ ಬಾಸ್ ಉಂಟು ಸಾರ್) ಅಂತ ಒಂದು ನಗು. ಅದನ್ನು ನಿಲ್ಲಿಸಿ ನಿಮ್ಮ ಫೋನಿನಿಂದ ನಿಮಗೆ ಬಾಯಿಪಾಠ ಇರುವ ಒಂದು ಪದ್ಯ ಹಾಕಿ. ನಮ್ಮ ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿ) ಹಿಮ್ಮೇಳದಲ್ಲಿ ಪರೀಕ್ಷೆಗೆ ಬೇಕಾದ್ದೆಲ್ಲ ಉಂಟು. ಕೆಳಗೆ ಮದ್ದಳೆಯ ಎಡ ಬದಿ, ನಡುವೆ ಭಾಗವತರ ಕಂಠ, ಮೇಲೆ ಚಕ್ರತಾಳ, ಎಲ್ಲದರ ಮೇಲೆ ಚೆಂಡೆ.

ಕೇಳಬೇಕಾದ ಜಾಗ ಇವು. ಮದ್ದಳೆ ಮಾತ್ರ ಇದ್ದಾಗ ಭಾಗವತರ ಸಾಹಿತ್ಯ ಅಕ್ಷರ ಅಕ್ಷರ ಬಿಡಿಸಿ ಕೇಳುತ್ತದಾ? ಬಾಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಮದ್ದಳೆಯ ಗುಂಕಾರ ಬಂದು ಕಂಠದ ಮೇಲೆ ಕೂತುಬಿಡುತ್ತದೆ. ಆಮೇಲೆ ಚೆಂಡೆ ಬೀಳುವ ಕ್ಷಣ ನೋಡಿ. ಪೆಟ್ಟಿಗೆ ಒಂದು ಅಂಚು ಇರುತ್ತದೆ, ಕೋಲು ಚರ್ಮಕ್ಕೆ ತಾಗಿದ "ಟಣ್". ಅದು ಮೊಂಡಾಗಿ "ಟಪ್" ಅಂತ ಬಂದರೆ ಆ ಹೆಡ್‌ಫೋನ್ ಬೇಡ. ಚಕ್ರತಾಳ ಜೋರಾದಾಗ ಕಿವಿಗೆ ಸೂಜಿ ಚುಚ್ಚಿದ ಹಾಗೆ ಆದರೆ ಅದೂ ಬೇಡ, ಅರ್ಧ ಪ್ರಸಂಗ ಮುಗಿಯುವಷ್ಟರಲ್ಲಿ ತಲೆ ಸಿಡಿಯುತ್ತದೆ.

ತಾಳಮದ್ದಳೆಯ ಅರ್ಥಗಾರಿಕೆ ಮಾತು ಮಾತ್ರ. ಅದು ಯಾವುದರಲ್ಲೂ ಕೇಳುತ್ತದೆ. ಅಲ್ಲಿ ಬೇಕಾದದ್ದು ತಲೆಗೆ ಭಾರ ಆಗದ ಹೆಡ್‌ಫೋನ್, ಅಷ್ಟೇ.

ಕುಂಬಳೆ ಕಡಲು
ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾಗಿ ನಾವು ಇಷ್ಟು ದಿನ ಇದನ್ನು ಯೋಚಿಸಲಿಲ್ಲವಲ್ಲ! ಚೆಂಡೆಪೆಟ್ಟು ಅಣ್ಣನಿಗೆ ಒಂದು ನಮಸ್ಕಾರ.

ಹೈರೆಸ್ ಹುಡುಗ
ಎಲ್‌ಡಿಎಸಿ ಇರುವುದನ್ನೇ ತಗೊಳ್ಳಿ. ಮಾಮೂಲಿ ಎಸ್‌ಬಿಸಿ ಕೋಡೆಕ್ (ಹಾಡನ್ನು ಹಿಂಡಿ ಕಳಿಸುವ ವಿಧಾನ) ಹೋಗುವುದು ಹೆಚ್ಚೆಂದರೆ ಸೆಕೆಂಡಿಗೆ 328 ಕಿಲೋಬಿಟ್, ಅಂದರೆ 328 ಕೆಬಿಪಿಎಸ್. ಎಲ್‌ಡಿಎಸಿ 990 ಕೆಬಿಪಿಎಸ್ ವರೆಗೆ ಹೋಗುತ್ತದೆ. ಮೂರು ಪಟ್ಟು. ಲೆಕ್ಕ ನೀವೇ ಹಾಕಿ.

ಸೀತಾಂಗೋಳಿ ಸೌಂಡ್ಸ್
ಲೆಕ್ಕ ಸರಿ, ಆದರೆ ಅವರು ಕೇಳುವುದು ಯೂಟ್ಯೂಬಿನಲ್ಲಿರುವ ಹಳೆ ಕ್ಯಾಸೆಟ್ ರೆಕಾರ್ಡಿಂಗ್ ಮಾರಾಯ. ಅಲ್ಲಿ ಆಡಿಯೋ ಮೊದಲೇ ಹಿಂಡಿ ಹಿಪ್ಪೆಯಾಗಿ ಬರುತ್ತದೆ. ಕ್ಯಾಸೆಟ್ಟಿನ ಸುಯ್ ಅನ್ನುವ ಶಬ್ದವನ್ನು 990ರಲ್ಲಿ ಕೇಳಿ ಏನು ಮಾಡಲಿಕ್ಕುಂಟು?

ಹೈರೆಸ್ ಹುಡುಗ
ಇವತ್ತು ಕ್ಯಾಸೆಟ್, ನಾಳೆ ಒಳ್ಳೆ ಸ್ಟ್ರೀಮಿಂಗ್ ಚಂದಾ ತಗೊಂಡರೆ? ಹೆಡ್‌ಫೋನ್ ವರ್ಷಗಟ್ಟಲೆ ಇರುತ್ತದೆ.

ಪೆರ್ಲದ ಪುಟ್ಟ
ಫೋನ್ ಯಾವುದು ಅಂತ ಯಾರೂ ಕೇಳಲಿಲ್ಲ. ಐಫೋನಾದರೆ ಎಲ್‌ಡಿಎಸಿ ಇಲ್ಲವೇ ಇಲ್ಲ, ಆಪ್ಟ್‌ಎಕ್ಸ್ ಅನ್ನುವ ಇನ್ನೊಂದು ಕೋಡೆಕ್ ಕೂಡ ಇಲ್ಲ. ಎಎಸಿ ಅಥವಾ ಎಸ್‌ಬಿಸಿ, ಮುಗಿಯಿತು. ಆಂಡ್ರಾಯ್ಡ್ ಆದರೆ ಬ್ಲೂಟೂತ್ ಸೆಟ್ಟಿಂಗಿನಲ್ಲಿ ನೋಡಬಹುದು. ಇನ್ನೊಂದು ಮಾತು. ರೈಲಿನಲ್ಲಿ ನೂರು ಜನ, ಎಲ್ಲರ ಕಿವಿಯಲ್ಲೂ ಬ್ಲೂಟೂತ್. ಎಲ್‌ಡಿಎಸಿಯನ್ನು 990ಕ್ಕೆ ಕಟ್ಟಿಹಾಕಿದರೆ ಅಂಥ ಕಡೆ ಹಾಡು ತುಂಡು ತುಂಡಾಗುತ್ತದೆ. ಅದಕ್ಕೇ ಫೋನು ತಾನಾಗಿ 660ಕ್ಕೋ 330ಕ್ಕೋ ಇಳಿಸುತ್ತದೆ. ಅಲ್ಲಿಗೆ ನಿಮ್ಮ ಮೂರು ಪಟ್ಟು ಎಲ್ಲಿ ಹೋಯಿತು?

ಹೈರೆಸ್ ಹುಡುಗ
ಮನೆಯಲ್ಲಿ ಕೂತು ಕೇಳುವಾಗ ಇಳಿಯುವುದಿಲ್ಲವಲ್ಲ. ಕೇಳುವ ಕಿವಿ ಇದ್ದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಪೆರ್ಲದ ಪುಟ್ಟ
ಆಯಿತು, ನಮ್ಮದು ಅಡಿಕೆ ಸುಲಿಯುವವರ ಕಿವಿ.

ಟೀಚರಮ್ಮ
ಜಗಳ ಸಾಕು ಮಕ್ಕಳೇ. ಮೀಟಿಂಗ್ ವಿಷಯ ಯಾರೂ ಹೇಳಲಿಲ್ಲ. ನಾನು ಆನ್‌ಲೈನ್ ಟ್ಯೂಷನ್ ಮಾಡುತ್ತೇನೆ. ಹೊಸ ಹೆಡ್‌ಫೋನ್ ಹಾಕಿ ಲ್ಯಾಪ್‌ಟಾಪಿನಲ್ಲಿ ಕ್ಲಾಸ್ ಶುರು ಮಾಡಿದ ಕೂಡಲೇ ಎಲ್ಲ ಶಬ್ದ ಹಳೆ ಕಾಲದ ಟೆಲಿಫೋನಿನ ಹಾಗೆ ಆಯಿತು. ಹಾಡು ಹಾಕಿದರೆ ಚೆನ್ನಾಗಿತ್ತು, ಕ್ಲಾಸಿಗೆ ಬಂದರೆ ಕೆಟ್ಟದು. ಪೀಸೇ ಹಾಳು ಅಂತ ವಾಪಸ್ ಕೊಡಲಿಕ್ಕೆ ಹೊರಟಿದ್ದೆ. ತಂಗಿಯ ಮಗ ತಡೆದ. ಅವನು ಏನೋ ಒಂದು ಬದಲಿಸಿದ, ಸರಿಯಾಯಿತು. ಏನು ಮಾಡಿದ ಅಂತ ಕೇಳಿದರೆ "ಮೈಕ್ ಬೇರೆ ಮಾಡಿದೆ ದೊಡ್ಡಮ್ಮ" ಅಂದು ಓಡಿದ.

ಪೆರ್ಲದ ಪುಟ್ಟ
ಟೀಚರೇ, ಅವನು ಮಾಡಿದ್ದು ಸರಿ. ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು ದಾರಿ. ಹೆಡ್‌ಫೋನಿನ ಮೈಕ್ ಆನ್ ಆದ ಕೂಡಲೇ ಲ್ಯಾಪ್‌ಟಾಪ್ ಕರೆಯ ದಾರಿಗೆ ಹೋಗುತ್ತದೆ. ಆ ದಾರಿ ಸಣ್ಣದು. ಸ್ಟೀರಿಯೋ ಹೋಗಿ ಮೋನೋ ಆಗುತ್ತದೆ, ಮೇಲಿನ ಸ್ವರ ಎಲ್ಲ ಕತ್ತರಿಸಿ ಹೋಗುತ್ತದೆ. ಬಹಳ ಮಟ್ಟಿಗೆ ಎಲ್ಲ ಕಂಪನಿಯದ್ದೂ ಹೀಗೇ, ಹತ್ತಿಪ್ಪತ್ತು ಸಾವಿರದ್ದು ಕೂಡ.

ಉಪಾಯ ಇಷ್ಟೇ. ಮೀಟಿಂಗ್ ಸೆಟ್ಟಿಂಗಿನಲ್ಲಿ ಸ್ಪೀಕರ್ ಜಾಗದಲ್ಲಿ ಹೆಡ್‌ಫೋನ್ ಇಡಿ, ಮೈಕ್ ಜಾಗದಲ್ಲಿ ಲ್ಯಾಪ್‌ಟಾಪಿನದ್ದೇ ಇಡಿ. ಬ್ಲೂಟೂತ್‌ನ ಹೊಸ ಎಲ್‌ಇ ಆಡಿಯೋದಲ್ಲಿ ಇದಕ್ಕೆ ಪರಿಹಾರ ಉಂಟು, ಎಲ್‌ಸಿ3 ಅಂತ ಕೋಡೆಕ್. ಆದರೆ ಹೆಡ್‌ಫೋನು, ಲ್ಯಾಪ್‌ಟಾಪು ಎರಡರಲ್ಲೂ ಇರಬೇಕು. ಅದಕ್ಕಾಗಿ ಈಗಲೇ ಜಾಸ್ತಿ ದುಡ್ಡು ಕೊಡಬೇಡಿ.

ಟೀಚರಮ್ಮ
ಇದನ್ನು ಅವನು ನಿಂತು ಹೇಳಿದ್ದರೆ ಅವನಿಗೊಂದು ಚಕ್ಕುಲಿ ಸಿಗುತ್ತಿತ್ತು.

ಬದಿಯಡ್ಕ ಪ್ಯಾಸೆಂಜರ್
ಆಫೀಸಿನಲ್ಲಿ ಎಲ್ಲರೂ ಇದನ್ನೇ ದೂರುತ್ತಾರೆ, ನಾಳೆಯೇ ಹೇಳುತ್ತೇನೆ. ಫೋನ್ ಆಂಡ್ರಾಯ್ಡ್. ಎಎನ್‌ಸಿ ಬಗ್ಗೆ ಹೇಳಿ. ರೈಲಿಗೆ ಬೇಕಾಗುತ್ತದಾ?

ಮಂಜೇಶ್ವರ ಲೋಕಲ್
ನಾನೂ ಅದೇ ದಾರಿಯವನು. ಎಎನ್‌ಸಿ ರೈಲಿಗೆ ಚೆನ್ನಾಗಿ ಆಗುತ್ತದೆ. ಒಂದೇ ಸಮನೆ ಬರುವ ಕೆಳಗಿನ ಶಬ್ದವನ್ನು ಅದು ತಿಂದುಹಾಕುತ್ತದೆ. ಹೊರಗಿನ ಶಬ್ದವನ್ನು ಮೈಕಿನಲ್ಲಿ ಹಿಡಿದು ಅದಕ್ಕೆ ತಿರುಗಾ ಮುರುಗಾ ಅಲೆ ಬಿಡುವುದು ಅದರ ಕೆಲಸ. ಬೋಗಿಯ ಗುಡುಗುಡು, ಫ್ಯಾನಿನ ಗುಂಯ್, ಬಸ್ಸಿನ ಎಂಜಿನ್, ಇವೆಲ್ಲ ಅರ್ಧಕ್ಕಿಂತ ಕಡಿಮೆ ಆಗುತ್ತವೆ. ನೇತ್ರಾವತಿ ಸೇತುವೆ ಬಂದದ್ದೇ ಗೊತ್ತಾಗುವುದಿಲ್ಲ. ಹಳಿಯ ಟಕ್ ಟಕ್, ಚಾಯ ಚಾಯ ಅನ್ನುವವರ ಸ್ವರ, ಪಕ್ಕದವರ ಜಗಳ, ಇವು ಹೋಗುವುದಿಲ್ಲ.

ಒಂದು ಕಿರಿಕಿರಿ ಉಂಟು. ಕಿಟಕಿ ಪಕ್ಕ ಕೂತರೆ ಗಾಳಿ ನೇರ ಹೆಡ್‌ಫೋನಿನ ಹೊರಗಿನ ಮೈಕಿಗೆ ಬಡಿಯುತ್ತದೆ. ಎಎನ್‌ಸಿ ಅದನ್ನೂ ಶಬ್ದ ಅಂತ ತಿಳಿದು ಒಳಗೆ ಗೊರ್ ಗೊರ್ ಅನ್ನಿಸುತ್ತದೆ. ಕಡಿಮೆ ಬೆಲೆಯದ್ದರಲ್ಲಿ ಇದು ಜಾಸ್ತಿ. ಆ ಬದಿಯನ್ನು ಕೈಯಿಂದ ಮುಚ್ಚಿ ನೋಡಿ, ನಿಲ್ಲುತ್ತದೆ. ಗಾಳಿ ಬರುವಾಗ ನಾನು ಎಎನ್‌ಸಿ ಆಫ್ ಮಾಡುತ್ತೇನೆ, ಬ್ಯಾಟರಿಯೂ ಉಳಿಯುತ್ತದೆ.

ಇನ್ನೊಂದು, ಕನ್ನಡಕದ ಕಡ್ಡಿ ದಪ್ಪ ಇದ್ದರೆ ಕಿವಿಯ ಸುತ್ತ ಕೂರುವ ದಿಂಬಿನ ಕೆಳಗೆ ಸಂದು ಬೀಳುತ್ತದೆ. ಆ ಸಂದಿನಲ್ಲಿ ಬಾಸ್ ಹೊರಗೆ ಹೋಗುತ್ತದೆ, ರೈಲಿನ ಶಬ್ದ ಒಳಗೆ ಬರುತ್ತದೆ. ನೀವು ಕನ್ನಡಕ ಹಾಕಿಕೊಂಡೇ ಅಂಗಡಿಯಲ್ಲಿ ನೋಡಬೇಕು. ಐದು ನಿಮಿಷ ಅಲ್ಲ, ಇಪ್ಪತ್ತು ನಿಮಿಷ. ಅಂಗಡಿಯವನ ಮುಖ ನೋಡಬೇಡಿ.

ಕುಂಬಳೆ ಕಡಲು
ಎಎನ್‌ಸಿ ಹಾಕಿ ನಿದ್ದೆ ಮಾಡಿದರೆ ಮಾತ್ರ ಅಪಾಯ. ಸಂಜೆ ರೈಲಿನಲ್ಲಿ ಒಬ್ಬರು ಹೆಡ್‌ಫೋನ್ ಹಾಕಿ ಮಲಗಿ ಕುಂಬಳೆ ಬಿಟ್ಟು ಕಾಸರಗೋಡೂ ಬಿಟ್ಟು ಕಾಞಂಗಾಡಿನಲ್ಲಿ ಎದ್ದರು. ಹೆಸರು ಹೇಳುವುದಿಲ್ಲ, ಈ ಚರ್ಚೆಯಲ್ಲೇ ಇದ್ದಾರೆ.

ಮಂಜೇಶ್ವರ ಲೋಕಲ್
ನಾನಲ್ಲ.

ಉಪ್ಪಳ ಎಕ್ಸ್‌ಪ್ರೆಸ್
ಯಾರೂ ನಿಮ್ಮನ್ನು ಕೇಳಲಿಲ್ಲವಲ್ಲ 😄

ಸಮೀರಾ ಹೊಸಂಗಡಿ
ನನ್ನದೊಂದು ಪ್ರಶ್ನೆ. ನಾನು ತಲೆಗೆ ಶಾಲು ಹಾಕುತ್ತೇನೆ. ಹೆಡ್‌ಫೋನ್ ಶಾಲಿನ ಮೇಲೆ ಹಾಕಬೇಕಾ, ಒಳಗಾ? ಒಳಗೆ ಹಾಕಿದರೆ ಸೆಕೆ, ಮೇಲೆ ಹಾಕಿದರೆ ಜಾರುತ್ತದೆ.

ಸೀತಾಂಗೋಳಿ ಸೌಂಡ್ಸ್
ತೆಳು ಬಟ್ಟೆ ಒಂದೇ ಪದರ ಆದರೆ ಮೇಲೆ ಹಾಕಬಹುದು, ಶಬ್ದದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಮಡಿಕೆ ಬಂದರೆ ಬಾಸ್ ಸೋರುತ್ತದೆ. ಎಎನ್‌ಸಿ ಕೂಡ ಸರಿ ಕೆಲಸ ಮಾಡುವುದಿಲ್ಲ, ಅದಕ್ಕೆ ಸುತ್ತ ಬಿಗಿ ಇರಬೇಕು. ನಿಮಗೆ ಸ್ವಲ್ಪ ಬಿಗಿಯಾಗಿ ಹಿಡಿಯುವ ಮಾಡೆಲ್ ಒಳ್ಳೆಯದು. ಗುಂಡಿ ಒತ್ತುವಂಥದ್ದೇ ತಗೊಳ್ಳಿ. ಕಪ್ಪಿನ ಮೇಲೆ ಬೆರಳು ಸವರಿ ಹಾಡು ಬದಲಿಸುವಂಥದ್ದು ಬಟ್ಟೆ ತಾಗಿದರೆ ತಾನೇ ಹಾಡು ನಿಲ್ಲಿಸುತ್ತದೆ.

ಸಮೀರಾ ಹೊಸಂಗಡಿ
ಗುಂಡಿಯ ವಿಷಯ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್ ಅಣ್ಣ. ನಮ್ಮ ಮನೆಯವರು ಬರುವ ತಿಂಗಳು ದುಬೈಯಿಂದ ಬರುತ್ತಾರೆ, ಅಲ್ಲಿಂದ ತರಿಸಿದರೆ ಹೇಗೆ? ಅಲ್ಲಿ ಕಡಿಮೆ ಅಂತಾರೆ.

ಅಡಿಕೆ ಭಟ್ರು
ಗಲ್ಫಿನಿಂದ ತರಿಸುವ ಮೊದಲು ವಾರಂಟಿ ಕೇಳಿ ಅಕ್ಕ. ತುಂಬ ಕಂಪನಿಗಳ ವಾರಂಟಿ ಆಯಾ ದೇಶಕ್ಕೆ ಮಾತ್ರ. ನನ್ನ ಭಾವ ತಂದುಕೊಟ್ಟದ್ದರ ಒಂದು ಬದಿ ನಿಂತುಹೋಯಿತು. ಇಲ್ಲಿ ಬಿಲ್ಲು ನೋಡಿ, ಇದು ಹೊರಗಿನ ಪೀಸು, ನಮಗೆ ಸಂಬಂಧ ಇಲ್ಲ ಅಂದರು. ಬೆಲೆಯಲ್ಲೂ ಈಗ ಅಂಥ ವ್ಯತ್ಯಾಸ ಏನಿಲ್ಲ, ಇಲ್ಲಿಯ ಹಬ್ಬದ ಸೇಲೇ ವಾಸಿ.

ಗಡಿನಾಡ ಗಲಾಟೆ
ವಾರಂಟಿ ಅಂದ ಕೂಡಲೇ ನನ್ನ ಹೊಟ್ಟೆ ಉರಿಯುತ್ತದೆ. ಇಲ್ಲಿಯದ್ದೇ ಪೀಸ್, ಇಲ್ಲಿಯದ್ದೇ ಬಿಲ್. ತಲಪಾಡಿ ದಾಟಿದರೆ ಮಂಗಳೂರು, ಅಲ್ಲೇ ಸರ್ವಿಸ್ ಸೆಂಟರ್. ಹೋದೆ. ಬಿಲ್ಲಿನಲ್ಲಿ ಕೇರಳದ ವಿಳಾಸ, 671ರಿಂದ ಶುರುವಾಗುವ ಪಿನ್. "ಸಾರ್, ನಿಮ್ಮದು ಕಣ್ಣೂರಿಗೆ ಬರುತ್ತದೆ." ಕಣ್ಣೂರಿಗೆ ಫೋನ್ ಮಾಡಿದರೆ ಅಲ್ಲಿ ಹುಡುಗಿ ಮಲಯಾಳದಲ್ಲಿ ಬಹಳ ಮರ್ಯಾದೆಯಿಂದ "ಕೊರಿಯರ್ ಮಾಡಿ" ಅಂದಳು. ಕೊರಿಯರ್ ಖರ್ಚು ನನ್ನದು. ರೇಷನ್ ಕಾರ್ಡಿಗೆ ಅಲೆದದ್ದು ಸಾಲದು ಅಂತ ಈಗ ಹೆಡ್‌ಫೋನಿಗೂ ಗಡಿ ಸಮಸ್ಯೆ. ಕಾಸರಗೋಡು ಕೇರಳಕ್ಕೆ ಸೇರಿದ 1956 ನವೆಂಬರ್ 1ರಿಂದ ನಮಗೆ ಇದೇ ಹಣೆಬರಹ.

ಪೆರ್ಲದ ಪುಟ್ಟ
ರಾಜ್ಯ ಪುನರ್ವಿಂಗಡಣೆಯನ್ನು ಹೆಡ್‌ಫೋನಿಗೆ ತಂದು ನಿಲ್ಲಿಸಿದಿರಲ್ಲ ಅಣ್ಣ, ನಿಮಗೆ ಒಂದು ಸನ್ಮಾನ ಮಾಡಬೇಕು.

ಗಡಿನಾಡ ಗಲಾಟೆ
ಶಾಲು, ಹಾರ ಬೇಡ. ಕೊರಿಯರ್ ದುಡ್ಡು ಕೊಡಿ.

ಮಂಜೇಶ್ವರ ಲೋಕಲ್
ನಗುವ ವಿಷಯ ಅಲ್ಲ. ತಗೊಳ್ಳುವ ಮೊದಲು ಆ ಕಂಪನಿಯ ಜಾಲತಾಣದಲ್ಲಿ ನಿಮ್ಮ ಪಿನ್ ಹಾಕಿ ನೋಡಿ. ಕೆಲವರು ಮನೆಯಿಂದಲೇ ಒಯ್ಯುತ್ತಾರೆ, ಕೆಲವರು ಇಲ್ಲ. ಈ ಬೆಲೆಯಲ್ಲಿ ರಿಪೇರಿ ಅಂತ ಯಾರೂ ಮಾಡುವುದಿಲ್ಲ, ಪೀಸ್ ಬದಲಿಸುವುದೇ. ಹಾಗಾಗಿ ಒಯ್ಯುವುದು ಬರುವುದು ಸುಲಭ ಇದ್ದರೆ ಅದೇ ದೊಡ್ಡದು.

ಅಡಿಕೆ ಭಟ್ರು
ನನ್ನದು ಬೇರೆ ಪ್ರಶ್ನೆ. ತೋಟದಲ್ಲಿ ಹುಲ್ಲು ಕೊಚ್ಚುವ ಮಿಷನ್ ಹಿಡಿದಾಗ ಕಿವಿ ಕೆಪ್ಪಾಗುವಷ್ಟು ಬೊಬ್ಬೆ. ಈ ಎಎನ್‌ಸಿ ಹೆಡ್‌ಫೋನ್ ಹಾಕಿ ಯಕ್ಷಗಾನ ಕೇಳುತ್ತಾ ಕೆಲಸ ಮಾಡಬಹುದಲ್ಲ? ಒಂದೇ ಕಲ್ಲಿಗೆ ಎರಡು ಹಕ್ಕಿ.

ಕಿವಿ ಪರೀಕ್ಷಕ
ಮಾಡಬೇಡಿ ಭಟ್ರೇ. ನಾನು ಆಡಿಯಾಲಜಿಯಲ್ಲಿ ಕೆಲಸ ಮಾಡುವವನು, ಇದು ದಿನಾ ಬರುವ ಪ್ರಶ್ನೆ. ಹುಲ್ಲಿನ ಮಿಷನ್ ಕಿವಿಯ ಹತ್ತಿರ 90 ಡೆಸಿಬೆಲ್ ಮೀರುವುದು ಸಾಮಾನ್ಯ. ಎಎನ್‌ಸಿ ಕೆಳಗಿನ ಗುಡುಗುಡು ಮಾತ್ರ ಕಡಿಮೆ ಮಾಡುತ್ತದೆ, ಮೇಲಿನ ಕಿರುಚು ಹಾಗೇ ಒಳಗೆ ಬರುತ್ತದೆ. ನಿಮಗೆ ಶಬ್ದ ಕಡಿಮೆಯಾದ ಹಾಗೆ ಅನಿಸುತ್ತದೆ, ಕಿವಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಅದರ ಮೇಲೆ ಪದ್ಯ ಕೇಳಬೇಕು ಅಂತ ವಾಲ್ಯೂಮ್ ಏರಿಸುತ್ತೀರಿ. ಎರಡು ಪೆಟ್ಟು.

ಕೆಲಸಕ್ಕೆ ಬೇರೆ ಇಯರ್‌ಮಫ್ ಸಿಗುತ್ತದೆ, ಎಷ್ಟು ಡೆಸಿಬೆಲ್ ತಗ್ಗಿಸುತ್ತದೆ ಅಂತ ಪರೀಕ್ಷೆ ಮಾಡಿ ಅದರ ಮೇಲೆ ಬರೆದಿರುತ್ತಾರೆ. ಸುರಕ್ಷತೆಯ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಈ ಹೆಡ್‌ಫೋನುಗಳಲ್ಲಿ ಅಂಥ ಲೆಕ್ಕ ಇರುವುದಿಲ್ಲ. ಮಿಷನ್ ಹಿಡಿದಾಗ ಹಿಂದಿನಿಂದ ಯಾರಾದರೂ ಕರೆದರೂ ಗೊತ್ತಾಗಬೇಕು.

ಕೇಳುವವರಿಗೆಲ್ಲ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ವರೆಗೆ ಸರಿ. 90ಕ್ಕೆ ಏರಿದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತು ಡೆಸಿಬೆಲ್ ಏರಿದ್ದಕ್ಕೆ ಗಂಟೆ ಹತ್ತನೇ ಒಂದು ಪಾಲಾಯಿತು ನೋಡಿ. ಮಕ್ಕಳಿಗೆ 75ರಲ್ಲಿ 40 ಗಂಟೆ. ಎಎನ್‌ಸಿಯ ನಿಜವಾದ ಲಾಭ ಇಲ್ಲಿ. ರೈಲಿನ ಗದ್ದಲ ಕಡಿಮೆಯಾದರೆ ವಾಲ್ಯೂಮ್ ಏರಿಸುವ ಅಗತ್ಯ ಬೀಳುವುದಿಲ್ಲ.

ಅಡಿಕೆ ಭಟ್ರು
ಆಯಿತು ಡಾಕ್ಟ್ರೇ. ನಮ್ಮ ಅಪ್ಪಯ್ಯನಿಗೆ ಬಲಗಿವಿ ಪೂರ್ತಿ ಕೇಳುವುದಿಲ್ಲ. ಹೆಡ್‌ಫೋನ್ ಹಾಕಿದರೆ ಅರ್ಧ ಹಾಡು ಕಾಣೆ ಅಂತಾರೆ. ಅದಕ್ಕೆ ಏನಾದರೂ ಉಂಟಾ?

ಕಿವಿ ಪರೀಕ್ಷಕ
ಡಾಕ್ಟರ್ ಅಲ್ಲ ಭಟ್ರೇ, ಬರೀ ಪರೀಕ್ಷೆ ಮಾಡುವವನು. ಆಂಡ್ರಾಯ್ಡ್ ಫೋನಿನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ "ಮೋನೋ ಆಡಿಯೋ" ಆನ್ ಮಾಡಿ. ಎರಡು ಬದಿಯ ಶಬ್ದವೂ ಸೇರಿ ಎರಡರಲ್ಲೂ ಬರುತ್ತದೆ, ಎಡಗಿವಿಗೆ ಪೂರ್ತಿ ಪದ್ಯ ಸಿಗುತ್ತದೆ. ಅಲ್ಲೇ ಎಡ ಬಲ ಹೊಂದಿಸುವ ಗೆರೆಯೂ ಇದೆ. ಐಫೋನಿನಲ್ಲೂ ಉಂಟು. ಆದರೆ ಅವರನ್ನು ಒಮ್ಮೆ ಇಎನ್‌ಟಿಗೆ ತೋರಿಸಿ. ಹೆಡ್‌ಫೋನ್ ಮದ್ದಲ್ಲ.

ಅಡಿಕೆ ಭಟ್ರು
ಈಗಲೇ ಮಾಡಿದೆ. ಅಪ್ಪಯ್ಯ ಚಾವಡಿಯಲ್ಲಿ ಕೂತು ತಾಳ ಹಾಕುತ್ತಿದ್ದಾರೆ. ಬಹಳ ಉಪಕಾರ ಆಯಿತು.

ಚೆಂಡೆಪೆಟ್ಟು
ಯಾವ ಪ್ರಸಂಗ?

ಅಡಿಕೆ ಭಟ್ರು
ಮತ್ತೆ ಯಾವುದು, ಕರ್ಣಪರ್ವ.

ಮಳೆಗಾಲದ ಮುಳ್ಳೇರಿಯ
ಎಲ್ಲ ಹೇಳಿದಿರಿ, ನಮ್ಮ ಊರಿನ ದೊಡ್ಡ ಶತ್ರುವನ್ನೇ ಬಿಟ್ಟಿರಿ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ಉಳಿದ ತಿಂಗಳು ಬೆವರು. ಈ ಬೆಲೆಯ ಹೆಡ್‌ಫೋನುಗಳ ದಿಂಬಿಗೆ ಹಾಕುವುದು ಚರ್ಮ ಅಲ್ಲ, ಪಿಯು ಅನ್ನುವ ಕೃತಕ ಚರ್ಮ. ತೇವಕ್ಕೆ ಅದು ಒಳಗಿಂದಲೇ ಸಡಿಲವಾಗುತ್ತದೆ. ಮೊದಲು ಅಂಟಂಟು, ಆಮೇಲೆ ಸಣ್ಣ ಬಿರುಕು, ಆಮೇಲೆ ಕಿವಿಯ ಸುತ್ತ ಕಪ್ಪು ಚೂರು ಚೂರು. ಮದುವೆ ಮನೆಯಲ್ಲಿ ನನ್ನ ಅಕ್ಕ ಕೇಳಿದಳು, ಕಿವಿಗೆ ಎಂಥ ಮಸಿ ಅಂತ. ಬಳಸದೆ ಕವಾಟಿನಲ್ಲಿಟ್ಟರೂ ಉಳಿಯುವುದಿಲ್ಲ, ಬೂಷ್ಟು ಹಿಡಿಯುತ್ತದೆ.

ನಾನು ಮಾಡುವುದು: ಬಳಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಡುವುದು. ಬೆವರು ಇರುವಾಗ ಪೆಟ್ಟಿಗೆಗೆ ಹಾಕಬಾರದು. ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ. ಬಿಸಿಲಿಗೆ ಒಣಗಿಸಬೇಡಿ, ಪಿಯು ಬೇಗ ಒಡೆಯುತ್ತದೆ.

ತಗೊಳ್ಳುವಾಗ ನೋಡಬೇಕಾದ್ದು ಒಂದೇ. ದಿಂಬು ಕೈಯಲ್ಲಿ ಎಳೆದರೆ ಕಳಚಿ ಬರುತ್ತದಾ? ಬಂದರೆ ಬದಲಿ ದಿಂಬು ಕಡಿಮೆ ಬೆಲೆಗೆ ಸಿಗುತ್ತದೆ, ಹೆಡ್‌ಫೋನ್ ಹೊಸ ಜನ್ಮ ಪಡೆಯುತ್ತದೆ. ಗೋಂದು ಹಾಕಿ ಅಂಟಿಸಿದ್ದರೆ ದಿಂಬು ಹೋದ ದಿನ ಹೆಡ್‌ಫೋನೂ ಹೋಯಿತು. ನಿಮ್ಮ ಎಲ್‌ಡಿಎಸಿಗಿಂತ ನೂರು ಪಾಲು ಮುಖ್ಯ ಇದು.

ಹೈರೆಸ್ ಹುಡುಗ
ಎಲ್ಲರೂ ನನ್ನ ಎಲ್‌ಡಿಎಸಿಯ ಹಿಂದೆಯೇ ಬಿದ್ದಿದ್ದೀರಿ. ದಿಂಬಿನ ಮಾತು ಒಪ್ಪಿದೆ. ನನ್ನದಕ್ಕೆ ಬಟ್ಟೆಯ ಕವರ್ ಹಾಕಿದ್ದೇನೆ, ಸೆಕೆಗೆ ಅದು ಹಿತ. ಆದರೆ ಬಾಸ್ ಸ್ವಲ್ಪ ಕಡಿಮೆಯಾಗುತ್ತದೆ.

ಚೆಂಡೆಪೆಟ್ಟು
ಬಾಸ್ ಕಡಿಮೆಯಾದರೆ ನಮಗೆ ಒಳ್ಳೆಯದೇ 😀

ಟೀಚರಮ್ಮ
ಗುಡುಗು ಮಿಂಚು ಇರುವಾಗ ಚಾರ್ಜಿಗೆ ಇಡಬೇಡಿ ಅಂತಲೂ ಬರೆಯಿರಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ನಮ್ಮ ಪಕ್ಕದ ಮನೆಯಲ್ಲಿ ಟಿವಿ, ಮೋಡೆಮ್, ಫೋನಿನ ಚಾರ್ಜರ್ ಎಲ್ಲ ಒಟ್ಟಿಗೆ ಹೋದವು. ಪ್ಲಗ್ಗಿನಿಂದ ತೆಗೆದೇ ಬಿಡಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು.

ಉಪ್ಪಳ ಎಕ್ಸ್‌ಪ್ರೆಸ್
50 ಎಂಎಂ ಡ್ರೈವರ್ (ಒಳಗಿನ ಸ್ಪೀಕರ್) ಇರುವುದು 1500ಕ್ಕೆ ಸಿಗುತ್ತದೆ. ಈ ದೊಡ್ಡ ಕಂಪನಿಯವರು 5000 ತಗೊಂಡು 40 ಎಂಎಂ, ಅದಕ್ಕಿಂತ ಚಿಕ್ಕದು ಕೊಡುತ್ತಾರೆ. ಮೋಸ ಅಲ್ವಾ?

ಸೀತಾಂಗೋಳಿ ಸೌಂಡ್ಸ್
ಡ್ರೈವರ್ ದೊಡ್ಡದಿದ್ದರೆ ಸ್ವರ ಒಳ್ಳೆಯದು ಅಂತ ಏನೂ ಇಲ್ಲ ಅಣ್ಣ. ಅದನ್ನು ಹೇಗೆ ಹೊಂದಿಸಿದ್ದಾರೆ ಅನ್ನುವುದೇ ಎಲ್ಲ. ಡಬ್ಬದ ಮೇಲೆ "20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್" ಅಂತ ಬರೆದಿರುವುದೂ ಹಾಗೇ, 800 ರೂಪಾಯಿಯದ್ದರ ಮೇಲೂ ಬರೆದಿರುತ್ತದೆ. ಬ್ಲೂಟೂತ್ 5.0, 5.3 ಅನ್ನುವುದಕ್ಕೂ ಹಾಡಿನ ಸೊಗಸಿಗೂ ನೇರ ಸಂಬಂಧ ಇಲ್ಲ. ಬ್ಯಾಟರಿ ಗಂಟೆ ಕೂಡ ಸಾಧಾರಣ ವಾಲ್ಯೂಮಿನಲ್ಲಿ ಅಳೆದದ್ದು. ಕ್ಯೂ20ಐಗೆ ಎಎನ್‌ಸಿ ಹಾಕಿದರೆ 40, ಹಾಕದಿದ್ದರೆ 60 ಅಂತ ಹೇಳುತ್ತಾರೆ. ದಿನಾ ಮಂಗಳೂರಿಗೆ ಹೋಗಿ ಬರುವವರಿಗೆ ಇದರಲ್ಲಿ ಅರ್ಧ ಬಂದರೂ ಧಾರಾಳ.

ಡಬ್ಬದ ಮೇಲೆ ನಾನು ಹುಡುಕುವುದು ಸರ್ಕಾರದ ಬಿಐಎಸ್ ಮಾನಕ ಗುರುತು, ಟೈಪ್-ಸಿ ಚಾರ್ಜಿಂಗ್ ಮತ್ತು 3.5 ಎಂಎಂ ತೂತು. ಆ ತೂತು ಇದ್ದರೆ ಬ್ಯಾಟರಿ ಸತ್ತ ದಿನವೂ ವೈರ್ ಹಾಕಿ ಕೇಳಬಹುದು. ನಾನು ಹೇಳಿದ ಸಿಎಚ್520ಯಲ್ಲಿ ಅದಿಲ್ಲ, ಸಿಎಚ್720ಎನ್‌ನಲ್ಲಿ ಉಂಟು.

ಬದಿಯಡ್ಕ ಪ್ಯಾಸೆಂಜರ್
ನಿನ್ನೆ ಮಂಗಳೂರಿನಲ್ಲಿ ಎರಡು ಅಂಗಡಿಗೆ ಹೋಗಿ ಬಂದೆ. ಕನ್ನಡಕ ಹಾಕಿಕೊಂಡೇ ನೋಡಿದೆ, ಚೆಂಡೆಪೆಟ್ಟು ಹೇಳಿದ ಹಾಗೆ ಒಂದು ಹಳೆ ಪದ್ಯ ಹಾಕಿದೆ. ಮೊದಲ ಅಂಗಡಿಯ ಹುಡುಗ ಇದು ಎಂಥ ಹಾಡು ಸಾರ್ ಅಂದ. ಎರಡನೆಯ ಅಂಗಡಿಯವರು ಕಿವಿಗೆ ತಾವೂ ಹಾಕಿಕೊಂಡು "ಇದು ಯಾವ ಮೇಳದ್ದು?" ಅಂತ ಕೇಳಿದರು. ಸಹಜವಾಗಿ ವ್ಯಾಪಾರ ಅಲ್ಲೇ ಆಯಿತು.

ತಗೊಂಡದ್ದು ಕ್ಯೂ20ಐ. ಅವರಲ್ಲಿದ್ದ ಇನ್ನೊಂದರಲ್ಲಿ ಎಎನ್‌ಸಿ ಇನ್ನೂ ಚೆನ್ನಾಗಿತ್ತು, ಆದರೆ ಕಡ್ಡಿಯ ಮೇಲೆ ಒತ್ತಿತು. ಇದರಲ್ಲಿ ಮೊದಲಿಗೆ ಬಾಸ್ ವಿಪರೀತ, ಮದ್ದಳೆ ಬಾವಿಯೊಳಗಿಂದ ಬಂದ ಹಾಗೆ. ಆಪ್‌ನಲ್ಲಿ ಸ್ವರ ಏರಿಸಿ ಇಳಿಸುವ ಈಕ್ವಲೈಜರ್ ಉಂಟಲ್ಲ, ಎಡಗಡೆಯ ಎರಡು ಬಾಸ್ ಗೆರೆ ಇಳಿಸಿದೆ. ಕಂಠ ಮುಂದೆ ಬಂತು. ಚೆಂಡೆ ಇನ್ನೂ ಸ್ವಲ್ಪ ಮೊಂಡು.

ಚೆಂಡೆಪೆಟ್ಟು
100ರಿಂದ 200 ಹರ್ಟ್ಸ್ ಹತ್ತಿರ ಇಳಿಸಿದ್ದು ಸರಿ. 3 ಕಿಲೋಹರ್ಟ್ಸ್ ಸುತ್ತ ಒಂದು ಚೂರು ಏರಿಸಿ, ಜಾಸ್ತಿ ಬೇಡ. ಚೆಂಡೆಗೆ ಅಂಚು ಬರುತ್ತದೆ. ಚಕ್ರತಾಳ ಚುಚ್ಚಿದರೆ ಮತ್ತೆ ಸ್ವಲ್ಪ ಇಳಿಸಿ. ಅಷ್ಟಾದ ಮೇಲೂ ಮೊಂಡಾದರೆ ರೆಕಾರ್ಡಿಂಗೇ ಹಾಗೆ ಇರಬಹುದು. ಹಿಂದೆ ಒಂದೇ ಮೈಕ್ ಕಟ್ಟಿ ರೆಕಾರ್ಡ್ ಮಾಡುತ್ತಿದ್ದರು, ಚೆಂಡೆಯವರನ್ನು ದೂರ ಕೂರಿಸುತ್ತಿದ್ದರು.

ಹೈರೆಸ್ ಹುಡುಗ
5000 ಕೊಟ್ಟು ಬಾಸ್ ಇಳಿಸಲಿಕ್ಕೆ ಈಕ್ವಲೈಜರ್. ನಾನು ಏನೂ ಹೇಳುವುದಿಲ್ಲ.

ಬದಿಯಡ್ಕ ಪ್ಯಾಸೆಂಜರ್
5000 ಆಗಲಿಲ್ಲ ಮಾರಾಯ, ಉಳಿದದ್ದರಲ್ಲಿ ಊಟ ಮಾಡಿ ಬಂದೆ.

ಸಮೀರಾ ಹೊಸಂಗಡಿ
ಅದರ ಗುಂಡಿ ಒತ್ತುವಂಥದ್ದಾ, ಸವರುವಂಥದ್ದಾ?

ಬದಿಯಡ್ಕ ಪ್ಯಾಸೆಂಜರ್
ಒತ್ತುವಂಥದ್ದೇ ಅಕ್ಕ. ತಲೆಯ ಪಟ್ಟಿ ಹೆಚ್ಚು ಬಿಗಿ ಇಲ್ಲ, ಶಾಲಿನ ಮೇಲೆ ಒಮ್ಮೆ ಹಾಕಿ ನೋಡಿಯೇ ತಗೊಳ್ಳಿ.

ಮಳೆಗಾಲದ ಮುಳ್ಳೇರಿಯ
ದಿಂಬು ಕಳಚಿ ಬರುತ್ತದಾ ನೋಡಿದಿರಾ?

ಬದಿಯಡ್ಕ ಪ್ಯಾಸೆಂಜರ್
ಅಂಗಡಿಯವರ ಎದುರು ಎಳೆಯಲಿಕ್ಕೆ ಧೈರ್ಯ ಬರಲಿಲ್ಲ. ಮನೆಯಲ್ಲಿ ಮೆಲ್ಲ ಎಳೆದೆ, ಬಂತು. ಬದಲಿ ದಿಂಬು ಹುಡುಕುವಾಗ ಅಳತೆ ಹೇಗೆ ನೋಡುವುದು?

ಮಳೆಗಾಲದ ಮುಳ್ಳೇರಿಯ
ಮಾಡೆಲ್ ಹೆಸರು ಹಾಕಿಯೇ ಹುಡುಕಿ. ಬರೀ ಅಳತೆ ನೋಡಿ ತರಿಸಿದರೆ ಹಿಂದೆ ಸಿಕ್ಕಿಸುವ ಪ್ಲಾಸ್ಟಿಕ್ ಬಳೆ ಹೊಂದುವುದಿಲ್ಲ. ಹಳೆ ದಿಂಬಿನ ಹಿಂಭಾಗದ ಫೋಟೋ ಈಗಲೇ ತೆಗೆದಿಡಿ, ಹರಿದ ಮೇಲೆ ಗುರುತು ಸಿಗುವುದಿಲ್ಲ. ಕಪ್ಪು ಬಣ್ಣದ್ದೇ ತಗೊಳ್ಳಿ, ಬಿಳಿಯದ್ದು ನಮ್ಮ ಬೆವರಿಗೆ ಒಂದೇ ತಿಂಗಳಲ್ಲಿ ಹಳದಿ.